ಕೆಂಪು ಬಾಳೆಹಣ್ಣನ್ನು ತಪ್ಪೆಂದ ಯಂತ್ರ ಮಹೋದಯರಿಗೆ

ಕಲಬುರಗಿಯ ಸ್ಟೇಶನ್ ಬಜಾರದಲ್ಲಿರುವ ನಮ್ಮ ತರಬೇತಿ ಸಂಸ್ಥೆಯ ಕಚೇರಿಯಲ್ಲಿ, ಏಸಿ ಹಾಕಿದ ಏಕೈಕ ಕೋಣೆಯಲ್ಲಿ ವಿರಾಜಮಾನರಾಗಿರುವ, ಉತ್ತರಪತ್ರಿಕೆ ಓದುವ ಯಂತ್ರ ಮಹೋದಯರ ಸನ್ನಿಧಿಗೆ,

ಮಾನ್ಯರೇ,

ಶಹಾಬಜಾರದ ನಿವಾಸಿಯೂ, ಕಮಲಾಪುರದಲ್ಲಿ ಇದೇ ಸಂಸ್ಥೆಯ ತೋಟಗಾರಿಕೆ ಕೋರ್ಸಿನ ಶಿಕ್ಷಕಿಯೂ ಆದ ಸುನಂದಾ ಮಾಡುವ ಅನಂತ ನಮಸ್ಕಾರಗಳು. ಈ ಬಿಸಿಲಿನಲ್ಲಿ ದಿನಾಲೂ ಬಸ್ಸಿನಲ್ಲಿ ನಿಂತು ಕಮಲಾಪುರಕ್ಕೆ ಹೋಗಿ ಬರುವ ನಮ್ಮಂಥವರಿಗೆ, ತಾವೊಬ್ಬರಾದರೂ ತಂಪಾಗಿದ್ದೀರಿ ಎಂಬುದೇ ದೊಡ್ಡ ಸಮಾಧಾನ.

ಹೊಲಿಗೆ, ಕಂಪ್ಯೂಟರ್, ತೋಟಗಾರಿಕೆ ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಪ್ರಮಾಣಿತ ಪರೀಕ್ಷೆ ಬರೆಯಬೇಕು, ಅದರಲ್ಲಿ ತಾವು ಓದಿ ಕೊಟ್ಟ ಅಂಕ ಕೋರ್ಸಿನ ಗ್ರೇಡಿಗೆ ಕಾಲು ಪಾಲು ಸೇರಬೇಕು ಎಂದು ಈ ವರ್ಷ ಆಡಳಿತ ಮಂಡಳಿ ತೀರ್ಮಾನಿಸಿತು. ಶಿಕ್ಷಕರಿಗೆ ವರ್ಷವಿಡೀ ವಿದ್ಯಾರ್ಥಿಗಳನ್ನು ನೋಡಿ ನೋಡಿ ಅವರ ಬಗ್ಗೆ ಏನಾದರೂ ಗೊತ್ತಾಗಿಬಿಡುವ ಅಪಾಯವಿದೆ. ತಮಗೆ ಆ ದೋಷ ತಗುಲಿಲ್ಲ. ಹೊಲಿಗೆ ಕಲಿಸುವ ಪುತಳಾಬಾಯಿಯವರು ಮಾತ್ರ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ನೋಡಿ ಗೊಣಗಿದ್ದರು: "ಬ್ಲೌಸ್ ಮೈಗಿ ಸರಿ ಕೂಡ್ತದೋ ಇಲ್ಲೋ ಕೇಳಂಗಿಲ್ಲ, ರೈಲು ಎಷ್ಟು ಗಂಟೇಕ ಸೊಲ್ಲಾಪುರ ಮುಟ್ಟತದ ಅಂತ ಕೇಳ್ಯಾರ ನೋಡ್ರಿ." ಅವರು ಹಳೆಯ ಕಾಲದವರು, ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನು ನನ್ನ ಸಣ್ಣ ಅಹವಾಲು. ಕಮಲಾಪುರದ ಬುಶ್ರಾ ಎಂಬ ನನ್ನ ವಿದ್ಯಾರ್ಥಿನಿ ತಮಗೆ ಪರಿಚಯವಿರಲಾರಳು, ಏಕೆಂದರೆ ಅವಳು ಕಪ್ಪು ಮಾಡಿದ ದುಂಡು ಗುರುತುಗಳು ಉಳಿದವರ ಗುರುತುಗಳಂತೆಯೇ ಇದ್ದವು. ಅವಳ ತಾಯಿ ಹಾಜಿರಾ ಅವರ ಕೆಂಪು ಬಾಳೆಯ ತೋಟಕ್ಕೆ ಸೊರಗು ರೋಗ ಬಂದು ಅರ್ಧ ತೋಟ ಹೋಗಿದೆ. ರೋಗವಿಲ್ಲದ ಸಸಿಗಳನ್ನು ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸುವುದನ್ನು ಕಲಿತು, ಉಳಿದರ್ಧ ಹೋಗುವ ಮೊದಲು ತೋಟವನ್ನು ಮತ್ತೆ ಕಟ್ಟಬೇಕೆಂಬುದು ಈ ಹುಡುಗಿಯ ಹಟ. ಆ ತರಬೇತಿಗೆ ನಮ್ಮ ಕೋರ್ಸಿನಿಂದ ಹೋಗುವವರು ಒಬ್ಬರೇ, ಅವರಿಗೆ 'ಎ' ಗ್ರೇಡು ಇರಲೇಬೇಕು. ನಾನು ಕೊಟ್ಟ ಮುಕ್ಕಾಲು ಪಾಲಿನಲ್ಲಿ ಬುಶ್ರಾ ಎಲ್ಲರಿಗಿಂತ ಮುಂದಿದ್ದಳು. ತಮ್ಮ ಕಾಲು ಪಾಲಿನಲ್ಲಿ ಒಂದೇ ಒಂದು ಅಂಕದಿಂದ 'ಬಿ'ಗೆ ಇಳಿದಳು.

ಆ ಒಂದು ಅಂಕದ ಪ್ರಶ್ನೆ ಇದು: ತಿನ್ನಲು ಸಿದ್ಧವಾದ ಬಾಳೆಹಣ್ಣಿನ ಸಿಪ್ಪೆಯ ಬಣ್ಣ ಯಾವುದು? ಹಸಿರು, ಹಳದಿ, ಕೆಂಪು, ಕಪ್ಪು. ಬುಶ್ರಾ ಕೆಂಪು ಎಂದು ಗುರುತು ಮಾಡಿದಳು. ಹಳದಿ ಎಂದು ಯಾಕೆ ಬರೆಯಲಿಲ್ಲ ಎಂದು ಕೇಳಿದ್ದಕ್ಕೆ ನನ್ನನ್ನೇ ಕನಿಕರದಿಂದ ನೋಡಿದಳು. "ನಮ್ಮ ಬಾಳಿ ಕಾಯಿದ್ದಾಗೂ ಕೆಂಪೇ, ಹಣ್ಣಾದ್ರೂ ಕೆಂಪೇರಿ ಮೇಡಂ. ಹಳದಿ ಆಗ್ಲಿ ಅಂತ ಕಾಯ್ಕೋತ ಕುಂತ್ರ ಕೊಳತು ಹೋಗ್ತದ." ಇಂಥ ಉತ್ತರಕ್ಕೆ ತಮ್ಮ ಹಾಳೆಯಲ್ಲಿ ದುಂಡು ಜಾಗವಿಲ್ಲ, ಒಪ್ಪುತ್ತೇನೆ.

ತರಬೇತಿಗೆ ಈಗ ಆಯ್ಕೆಯಾದವನು ನಗರದಿಂದ ಬರುವ ಮಲ್ಲು. ಬಹಳ ಒಳ್ಳೆಯ ಹುಡುಗ, ನೋಟ್ಸು ಅಚ್ಚುಕಟ್ಟು, ತಮ್ಮ ಕಾಲು ಪಾಲಿನಲ್ಲಿ ಪೂರ್ತಿ ಅಂಕ, ಹಳದಿ ಎಂದೇ ಬರೆದಿದ್ದಾನೆ. ಇಡೀ ವರ್ಷ ಅವನು ಕಸಿ ಕಟ್ಟಿದ ಗಿಡಗಳಲ್ಲಿ ಒಂದೂ ಚಿಗುರಿಲ್ಲ. ಫಲಿತಾಂಶ ಬಂದ ದಿನ ನನ್ನ ಹತ್ತಿರ ಬಂದು, "ನನಗ್ಯಾಕ್ರಿ ಮೇಡಂ, ನಾ ಮುಟ್ಟಿದ್ರ ಸಸಿ ಸಾಯ್ತಾವ. ಬುಶ್ರಾಗ ಕಳಸ್ರಿ" ಎಂದ. ಇಷ್ಟು ಸರಿಯಾಗಿ ತನ್ನನ್ನು ತಾನು ಅಳೆದುಕೊಂಡ ಹುಡುಗನಿಗೆ ನಿಜಕ್ಕೂ 'ಎ' ಕೊಡಬೇಕು, ಆದರೆ ತೋಟಗಾರಿಕೆಯಲ್ಲಿ ಅಲ್ಲ.

ನಾನು ಅರ್ಜಿ ಹಿಡಿದು ತಮ್ಮ ಕಚೇರಿಗೂ ಬಂದಿದ್ದೆ. ತಮ್ಮ ಸೇವೆಯಲ್ಲಿರುವ ಗುಮಾಸ್ತ ದೌಲಪ್ಪನವರು ಚಹಾ ಕೊಟ್ಟು ಕೂಡ್ರಿಸಿ, "ಮಷೀನ್ ತಪ್ಪು ಮಾಡಂಗಿಲ್ರಿ ಮೇಡಂ. ಅದಕ ಹಳದಿ ಅಂತ ಹೇಳಿ ಕೊಟ್ಟಾರ, ಅದು ಹಳದಿ ಅಂತದ" ಎಂದರು. ಹೇಳಿಕೊಟ್ಟದ್ದನ್ನಷ್ಟೇ ಹೇಳುವ ತಮ್ಮ ಸ್ವಾಮಿನಿಷ್ಠೆಗೆ ನಾನು ತಲೆಬಾಗಿದೆ. ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ ಮಾತ್ರ ಕಣ್ಣಲ್ಲಿ ನೀರು ಬಂತು. ಸಿಟ್ಟಿಗೆ ಬಂದದ್ದು, ಬೇರೇನಲ್ಲ.

ಆದ್ದರಿಂದ ಮಾನ್ಯರೇ, ಕೈ ಮುಗಿದು ಕೇಳಿಕೊಳ್ಳುವುದೇನೆಂದರೆ, ತಾವು ಒಮ್ಮೆ ಬಿಡುವು ಮಾಡಿಕೊಂಡು ಕಮಲಾಪುರಕ್ಕೆ ದಯಮಾಡಿಸಬೇಕು. ಬಸ್ಸಿನಲ್ಲಿ ನನ್ನ ಸೀಟು ಬಿಟ್ಟುಕೊಡುತ್ತೇನೆ, ಸಿಕ್ಕರೆ. ಹಾಜಿರಾ ಅವರ ತೋಟದಲ್ಲಿ ಒಂದು ಹಣ್ಣು ಸುಲಿದು ತಿಂದು ನೋಡಬೇಕು. ಬರಲಾಗದಿದ್ದರೆ ಕಮಲಾಪುರದ ಬಾಳೆಗಿಡಗಳಿಗೆ ಒಂದು ಸುತ್ತೋಲೆ ಕಳುಹಿಸಿ, ಮುಂದಿನ ಪರೀಕ್ಷೆಯೊಳಗೆ ಬಣ್ಣ ಬದಲಿಸಿಕೊಳ್ಳಲು ಆದೇಶಿಸಬೇಕು. ಎರಡೂ ಆಗದಿದ್ದರೆ ಆ ಒಂದು ಅಂಕವನ್ನು ಹುಡುಗಿಗೆ ಕೊಟ್ಟುಬಿಡಬೇಕು.

ಇಂತು ತಮ್ಮ ವಿಶ್ವಾಸಿ, ತಮ್ಮ ಕೃಪೆಯಿಂದ ಈಗ ಮುಕ್ಕಾಲು ಶಿಕ್ಷಕಿ,
ಸುನಂದಾ

ತಾ.ಕ.: ನಾನು ಕಚೇರಿಗೆ ಬಂದ ದಿನ ಸಾಕ್ಷಿಗೆಂದು ಒಂದು ಡಜನ್ ಕಮಲಾಪುರದ ಹಣ್ಣುಗಳನ್ನು ದೌಲಪ್ಪನವರ ಮೇಜಿನ ಮೇಲೆ ಇಟ್ಟು, ಆಡಳಿತ ಮಂಡಳಿಯ ಸಾಹೇಬರಿಗೆ ತೋರಿಸಿರೆಂದು ಹೇಳಿದ್ದೆ. ತರಬೇತಿ ಸೋಮವಾರ ಶುರುವಾಗುವುದರಿಂದ ನಿನ್ನೆ ಫೋನ್ ಮಾಡಿ ವಿಚಾರಿಸಿದೆ. ಅವರು ಹೇಳಿದ್ದಿಷ್ಟು: "ಇನ್ನಾ ಕೆಂಪೇ ಅದಾವರಿ ಮೇಡಂ. ಹಳದಿ ಆದ ಮ್ಯಾಲ ಸಾಹೇಬರ ಮುಂದ ಇಡ್ತೀನಿ. ವಾಸನಿ ಮಾತ್ರ ಯಾಕೋ ಈಗೇ ಬರಾಕತ್ತದ."