ಇಲಿಯ ಮೀಸೆಯ ಅಧಿಕೃತ ಚಲನೆ

ಇಲಿಗಳ ಮೀಸೆ ಬೆಳಗ್ಗೆ ಹತ್ತರಿಂದ ಸಂಜೆ ಐದರೊಳಗೆ ಅಲ್ಲಾಡತಕ್ಕದ್ದು ಎಂಬುದು ಮೀಸೆ ಚಲನೆ ಮಾಪನ ಕೇಂದ್ರದ ನಾಲ್ಕನೆಯ ನಿಯಮ. ಕೇಂದ್ರ ಶುರುವಾದ ದಿನದಿಂದ ಯಾವ ಇಲಿಯೂ ಇದನ್ನು ಪಾಲಿಸಿರಲಿಲ್ಲ. ಇಲಿಗಳು ಹಗಲೆಲ್ಲ ನಿದ್ದೆ ಹೊಡೆದು, ಸಿಬ್ಬಂದಿ ಮನೆಗೆ ಹೋದ ಮೇಲೆ ಎದ್ದು ಓಡಾಡುತ್ತಿದ್ದವು. ಇದನ್ನು ಶಿಸ್ತಿನ ಕೊರತೆ ಎಂದು ವಾರ್ಷಿಕ ವರದಿಯಲ್ಲಿ ತಪ್ಪದೆ ನಮೂದಿಸಲಾಗುತ್ತಿತ್ತು.

ಅಲ್ಲಿ ಚುಕ್ಕಿ ಮೇಡಂ ಎಂಬಾಕೆ ಇದ್ದಳು. ಇಲಿಯ ಮೂತಿಯೆದುರಿನ ಕ್ಯಾಮೆರಾ ಸೆಕೆಂಡಿಗೆ ಐನೂರು ಚಿತ್ರ ತೆಗೆಯುತ್ತಿತ್ತು. ಒಂದೊಂದು ಚಿತ್ರದಲ್ಲೂ ಮೀಸೆಯ ಬುಡಕ್ಕೊಂದು, ತುದಿಗೊಂದು ಚುಕ್ಕಿ ಇಡುವುದು ಆಕೆಯ ಕೆಲಸ. ಚುಕ್ಕಿ ಎಷ್ಟು ಸರಿಯಿತೋ ಮೀಸೆಯೂ ಅಷ್ಟು ಸರಿದಂತೆ. ಹನ್ನೊಂದು ವರ್ಷ ಆಕೆಯ ಚುಕ್ಕಿಗಳು ಇಟ್ಟಲ್ಲೇ ಇದ್ದವು. ಆಕೆಯೂ ತಾತ್ಕಾಲಿಕ ನೌಕರಳಾಗಿ ಇದ್ದಲ್ಲೇ ಇದ್ದಳು, ಯಾಕೆಂದರೆ ಐದು ಡಿಗ್ರಿ ಚಲನೆ ದಾಖಲಿಸಿದವರಿಗೆ ಮಾತ್ರ ಕಾಯಂ ಆದೇಶ. ಈ ಸಲದ ತಪಾಸಣೆಯಲ್ಲೂ ಚಲನೆ ಸಿಗದಿದ್ದರೆ ಹುದ್ದೆಯೇ ರದ್ದು. ದಿನಾ ಸಂಜೆ ಬಾಗಿಲು ತೆಗೆಯುವಾಗ ಅತ್ತೆ, “ಇವತ್ತಾದ್ರೂ ಅಲ್ಲಾಡ್ತೇನಮ್ಮ?” ಎಂದು ಕೇಳುತ್ತಿದ್ದರು. ಇಲ್ಲ ಅತ್ತೆ ಎಂದು ಆಕೆ ಚಪ್ಪಲಿ ಬಿಡುತ್ತಿದ್ದಳು.

ಆಕೆ ಕೈಕಟ್ಟಿ ಕೂತವಳಲ್ಲ. ಹಗಲು ಕೋಣೆಯನ್ನು ಕತ್ತಲು ಮಾಡಿ, ರಾತ್ರಿ ದೀಪ ಹಾಕಿಟ್ಟರೆ ಕೆಲವೇ ವಾರಗಳಲ್ಲಿ ಇಲಿಗಳು ಹಗಲನ್ನೇ ರಾತ್ರಿ ಅಂದುಕೊಳ್ಳುತ್ತವೆ ಎಂದು ಅರ್ಜಿ ಕೊಟ್ಟಿದ್ದಳು. ಅರ್ಜಿ ವಿದ್ಯುತ್ ವಿಭಾಗಕ್ಕೆ ಹೋಯಿತು. ಏಳು ತಿಂಗಳ ನಂತರ ಉತ್ತರ ಬಂತು: ಈ ವಿಭಾಗಕ್ಕೆ ಬೆಳಕು ಒದಗಿಸುವ ಅಧಿಕಾರವಿದೆಯೇ ಹೊರತು ಕತ್ತಲೆ ಒದಗಿಸುವ ಅಧಿಕಾರವಿರುವುದಿಲ್ಲ.

ಹೀಗಿರುವಾಗ ಒಂದು ದಿನ ಚುಕ್ಕಿಗಳು ಸರಿದವು. ಒಂಬತ್ತು ಡಿಗ್ರಿ! ಆಕೆಗೆ ಕಣ್ಣು ತುಂಬಿ ಬಂತು. ಇಲಿಯ ಕೆನ್ನೆ ಸವರಿ ಬರೋಣ ಎಂದು ಪಂಜರದ ಕೋಣೆಗೆ ಹೋದಳು. ಇಲಿ ಎಂದಿನಂತೆ ಗಾಢ ನಿದ್ದೆಯಲ್ಲಿತ್ತು. ಪಕ್ಕದಲ್ಲಿ ಟೇಬಲ್ ಫ್ಯಾನ್ ತಿರುಗುತ್ತಿತ್ತು. ಪಂಜರ ತೊಳೆಯುವ ಮುದುಕ, ಪಾಪ ಸೆಕೆ ಅಂತ ನಾನೇ ಇಟ್ಟೆ ಎಂದ. ಆಕೆ ಫ್ಯಾನು ಆರಿಸಿದಳು, ಮೀಸೆ ನಿಂತಿತು. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಆದರೂ ನೇರ ನಿರ್ದೇಶಕರ ಬಳಿ ಹೋಗಿ ಒಪ್ಪಿಕೊಂಡಳು.

“ಸರ್, ಮೀಸೆ ಅಲ್ಲಾಡ್ಸಿದ್ದು ಇಲಿಯಲ್ಲ, ಫ್ಯಾನು.”

ನಿರ್ದೇಶಕರು ಕನ್ನಡಕ ಒರೆಸಿಕೊಂಡರು. “ಮೀಸೆ ಅಲ್ಲಾಡ್ಬೇಕು ಅಂತ ನಿಯಮ ಇದೆ. ಯಾರು ಅಲ್ಲಾಡಿಸ್ಬೇಕು ಅಂತ ಎಲ್ಲಾದ್ರೂ ಬರೆದಿದೆಯೇನಮ್ಮ?”

ಬರೆದಿರಲಿಲ್ಲ. ಮರುದಿನವೇ ಸುತ್ತೋಲೆ ಹೊರಟಿತು: “ಫ್ಯಾನಿನ ಒಂದನೆಯ ವೇಗದಲ್ಲಿ ಕಂಡುಬರುವ ಚಲನೆಯನ್ನು ಕುತೂಹಲವೆಂದೂ, ಎರಡನೆಯ ವೇಗದ್ದನ್ನು ಆಹಾರಾನ್ವೇಷಣೆಯೆಂದೂ, ಮೂರನೆಯದನ್ನು ಭಯವೆಂದೂ ದಾಖಲಿಸತಕ್ಕದ್ದು. ನಿದ್ರಿಸುತ್ತಿರುವ ಇಲಿಯನ್ನು ಎಬ್ಬಿಸುವುದು ಪ್ರಾಣಿಹಿಂಸೆ.” ನಿರ್ದೇಶಕರ ಷಡ್ಡಕನ ಅಂಗಡಿಯಿಂದ ಇಪ್ಪತ್ತು ಫ್ಯಾನು ಬಂದವು. ಇಲಿಗಳಿದ್ದದ್ದು ಆರು. ಮಿಕ್ಕ ಫ್ಯಾನುಗಳನ್ನು ಮುಂದೆ ಹುಟ್ಟಲಿರುವ ಇಲಿಗಳ ಹೆಸರಿನಲ್ಲಿ ಕಾದಿರಿಸಲಾಯಿತು.

ತಪಾಸಣಾ ಸಮಿತಿ ಬಂತು. ಅಧ್ಯಕ್ಷರು ಕುತೂಹಲ ನೋಡಿ ತಲೆದೂಗಿದರು, ಆಹಾರಾನ್ವೇಷಣೆ ನೋಡಿ ಬಿಸ್ಕತ್ತು ತಿಂದರು. ಚುಕ್ಕಿ ಮೇಡಂ ಹೆಸರಿನ ಕಾಯಂ ಆದೇಶ ಸಹಿಗಾಗಿ ಮೇಜಿನ ಮೇಲೆಯೇ ಇತ್ತು. ಭಯದ ಸರದಿ ಬರುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಕ್ಯಾಮೆರಾ ಬ್ಯಾಟರಿಯಲ್ಲಿ ಓಡುತ್ತಲೇ ಇತ್ತು.

ಗಾಳಿ ನಿಂತದ್ದಕ್ಕೋ ಬಿಸ್ಕತ್ತಿನ ವಾಸನೆಗೋ ಇಲಿ ಎಚ್ಚೆತ್ತಿತು. ಮೂತಿ ಎತ್ತಿತು. ಎರಡೂ ಬದಿಯ ಮೀಸೆಗಳನ್ನು ಮುಂದಕ್ಕೆ ಚಾಚಿ ಹಿಂದಕ್ಕೆಳೆದು, ಮತ್ತೆ ಚಾಚಿ, ಪಂಜರದ ಸರಳುಗಳನ್ನು ತಡಕಾಡತೊಡಗಿತು. ಒಂದೊಂದು ಕೂದಲೂ ತನ್ನಷ್ಟಕ್ಕೆ ತಾನು ಏನನ್ನೋ ಹುಡುಕುತ್ತಿತ್ತು. ಹನ್ನೊಂದು ವರ್ಷದಲ್ಲಿ ಆಕೆ ಇದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿದೆ ಎಂದುಕೊಂಡಳು.

“ಇದೇನ್ರೀ ಇದು? ಫ್ಯಾನ್ ನಿಂತಿದೆ, ಮೀಸೆ ಅಲ್ಲಾಡ್ತಿದೆ” ಎಂದರು ಅಧ್ಯಕ್ಷರು.

ತಾಂತ್ರಿಕ ದೋಷವಿರಬೇಕು ಎಂದು ನಿರ್ದೇಶಕರು ಬೆವರಿದರು. ಅಧ್ಯಕ್ಷರು ಪೆನ್ನು ಹಿಡಿದುಕೊಂಡೇ ಆಕೆಯತ್ತ ತಿರುಗಿದರು. “ನೀವು ಹೇಳಿ ಮೇಡಂ. ಅನುಭವಸ್ಥರು. ಇದು ಚಲನೆಯೋ, ದೋಷವೋ?”

ಆಕೆ ಇಲಿಯನ್ನು ನೋಡಿದಳು. ಮೇಜಿನ ಮೇಲಿನ ಕಾಗದವನ್ನು ನೋಡಿದಳು.

“ದೋಷ, ಸರ್.”

ಸಹಿ ಬಿತ್ತು. ಅನಧಿಕೃತ ಚಲನೆಯ ಕಾರಣಕ್ಕೆ ಇಲಿಯನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ಅದನ್ನು ಹಿತ್ತಲಿಗೆ ಬಿಟ್ಟು ಬಂದ ಮುದುಕ, ಹಿಂತಿರುಗಿ ನೋಡದೆ ಓಡಿತು ಎಂದು ವರದಿ ಕೊಟ್ಟ. ಅಂದು ಸಂಜೆ ಅತ್ತೆ ಕೇಳಿದಾಗ, ಅಲ್ಲಾಡಿತು ಅತ್ತೆ ಎಂದು ಆಕೆ ಸೀದಾ ಒಳಗೆ ಹೋಗಿ ಮುಖ ತೊಳೆದುಕೊಂಡಳು.

ಈಗ ಆಕೆ ತರಬೇತಿ ವಿಭಾಗದ ಮುಖ್ಯಸ್ಥೆ. ಹೊಸದಾಗಿ ಸೇರುವ ತಾತ್ಕಾಲಿಕ ನೌಕರರಿಗೆ ಮೊದಲ ದಿನವೇ ದೋಷ ಗುರುತಿಸುವ ವಿಧಾನ ಹೇಳಿಕೊಡುತ್ತಾಳೆ.

“ಫ್ಯಾನ್ ನಿಂತಾಗ್ಲೂ ಮೀಸೆ ಅಲ್ಲಾಡ್ತಿದ್ರೆ, ಅದು ಇಲಿ ಮಾಡ್ತಿರೋದು. ಅಂಥದ್ದನ್ನ ಅಳಿಸಿಬಿಡಿ.”

ಎಲ್ಲರೂ ಅದನ್ನು ಅಂದವಾಗಿ ಬರೆದುಕೊಳ್ಳುತ್ತಾರೆ. ಈವರೆಗೆ ಯಾರಿಗೂ ಸಂಶಯ ಬಂದಿಲ್ಲ.