ಎಲೆ ಹಾಕಿ ಕೂತ ನೆಂಟರು

ವಯಸ್ಸಾದ ಮೇಲೆ ನಡೆಯುವುದಕ್ಕೆ ಖರ್ಚಿಲ್ಲ, ಕಷ್ಟವಿಲ್ಲ ಎನ್ನುವವರು ನಮ್ಮ ಮುಂಡಾಜೆಗೆ ಒಮ್ಮೆ ಬರಬೇಕು. ಇಲ್ಲಿ ತಲೆ ನರೆತವನೊಬ್ಬ ರಸ್ತೆಬದಿಯಲ್ಲಿ ನಡೆದು ಹೋದರೆ ಅದು ಇಡೀ ಊರಿನ ಮಾನದ ಪ್ರಶ್ನೆ. ಕಂಡವರೆಲ್ಲ ಗಾಡಿ ನಿಲ್ಲಿಸುತ್ತಾರೆ. ಅದರಲ್ಲೂ ನಾನು ಇದೇ ಚಾರ್ಮಾಡಿ ರಸ್ತೆಯ ಬಸ್ಸಿನಲ್ಲಿ ನಿವೃತ್ತನಾಗುವವರೆಗೂ ಕಂಡಕ್ಟರನಾಗಿದ್ದವ. ಕೈ ಅಡ್ಡ ಹಿಡಿದವರನ್ನು ಎಂದೂ ಬಿಟ್ಟು ಹೋದವನಲ್ಲ. ಈಗ ಊರು ನನ್ನನ್ನು ಬಿಟ್ಟು ಹೋಗುವುದಿಲ್ಲ.

ರಕ್ತದಲ್ಲಿ ಸಕ್ಕರೆ ಏರಿದೆ ಎಂದು ಡಾಕ್ಟ್ರಮ್ಮ ಹೇಳಿದಾಗ ನನಗೆ ಹೆದರಿಕೆಯಾದದ್ದು ಸಕ್ಕರೆಗಲ್ಲ, ಸೂಜಿಗೆ. "ಮಾತ್ರೆ ಒಂದೇ ಸಾಲುವುದಿಲ್ಲ. ದಿನಾ ನಡೀರಿ. ನಡೆದ್ರೆ ತೊಡೆಯ ಸ್ನಾಯುಗಳೇ ಸಕ್ಕರೆ ತಿಂದು ಮುಗಿಸ್ತವೆ. ಮುಂದಿನ ಸಲವೂ ಇಳೀದಿದ್ರೆ ಇನ್ಸುಲಿನ್ನೇ" ಎಂದರು. ಸ್ನಾಯುಗಳು ಸಕ್ಕರೆ ತಿನ್ನುವ ಆ ಮಾತು ನನ್ನೊಳಗೆ ಕನಸಾಗಿ ಕೂತಿತು. ನಸುಕಿನಲ್ಲಿ ಘಾಟಿಯ ಕಡೆಯಿಂದ ಮಂಜು ಇಳಿದು ರಸ್ತೆಯೇ ಕರಗಿದಂತಿರುವಾಗ, ನಡೆಯುತ್ತಿದ್ದಂತೆ ನನಗೆ ತೊಡೆಯೊಳಗೊಂದು ಮದುವೆಮನೆ ಕಾಣುತ್ತದೆ. ಸ್ನಾಯುಗಳೆಲ್ಲ ಬಿಳಿ ಪಂಚೆ ಉಟ್ಟು ಬಾಳೆಎಲೆಯ ಮುಂದೆ ಸಾಲಾಗಿ ಕೂತಿವೆ. ನಾನು ಹೆಜ್ಜೆಹೆಜ್ಜೆಗೂ ಪಾಯಸ ಬಡಿಸುತ್ತ ಹೋಗುತ್ತೇನೆ. ಎಂಥ ಸುಖ! ಆ ಸುಖದಲ್ಲಿ ತೇಲುತ್ತಿರುವಾಗಲೇ ಹಿಂದಿನಿಂದ ಹಾರ್ನ್.

"ಎಂತ ಕಂಡಕ್ಟ್ರಣ್ಣ, ನಡ್ಕೊಂಡು? ಕೂತ್ಕೊಳ್ಳಿ, ಹೋಗುವ."

"ಬೇಡ ಮಾರಾಯ, ವಾಕಿಂಗು."

"ವಾಕಿಂಗ್ ಅಲ್ಲಿಗೆ ಹೋಗಿ ಮಾಡಿ. ಈಗ ಹತ್ತಿ."

ಬೇಡವೆಂದರೆ ಸೊಕ್ಕು ಅಂದುಕೊಂಡಾರು. ಕನಸಿನ ಮಂಪರು ಬೇರೆ. ಎಚ್ಚರವಾಗುವಾಗ ಮೈಲುಗಟ್ಟಲೆ ಆಚೆಯ ಕಕ್ಕಿಂಜೆ ಬಂದಿರುತ್ತದೆ. ಅಲ್ಲಿಂದ ಇನ್ಯಾರದೋ ಸ್ಕೂಟರಿನಲ್ಲಿ ವಾಪಸು. "ಎಲ್ಲಿವರೆಗೆ ಹೋದಿರಿ?" ಎಂದು ಹೆಂಡತಿ ಕೇಳಿದರೆ "ಕಕ್ಕಿಂಜೆಗೆ" ಎನ್ನುತ್ತೇನೆ. ಸುಳ್ಳೇನಲ್ಲವಲ್ಲ. ಅವಳು ಹೆಮ್ಮೆಯಿಂದ ಆ ಸುದ್ದಿಯನ್ನು ಡಾಕ್ಟ್ರಮ್ಮನಿಗೂ ಫೋನಿನಲ್ಲಿ ಮುಟ್ಟಿಸಿದಳು. ಒಳಗಿನ ನೆಂಟರು ಮಾತ್ರ ಖಾಲಿ ಎಲೆಯ ಮುಂದೆ ಕೂತೇ ಇದ್ದರು.

ಮತ್ತೆ ರಕ್ತ ಪರೀಕ್ಷೆಯ ದಿನ ಬಂತು. ಇವತ್ತಾದರೂ ಆಸ್ಪತ್ರೆಗೆ ನಡೆದೇ ಹೋಗಬೇಕೆಂದು ಬೆಳಿಗ್ಗೆ ಹೊರಟೆ. ಜೀಪೊಂದು ನಿಂತಿತು. ಹತ್ತಿದ್ದು ನೆನಪಿಲ್ಲ, ಹಿಂದಿನ ಮೆಟ್ಟಿಲ ಮೇಲೆ ಹಳೆಯ ಠೀವಿಯಲ್ಲಿ ನಿಂತದ್ದು ನೆನಪಿದೆ. ಮುಂದೆ ಮಂಜಿನಲ್ಲಿ ಯಾರೋ ಹೆಂಗಸು ಒಬ್ಬರೇ ನಡೆದು ಹೋಗುತ್ತಿದ್ದರು. ಪಾಪ ಅನ್ನಿಸಿತು. ಕೈ ತಾನಾಗಿಯೇ ಜೀಪಿನ ತಗಡು ಬಡಿಯಿತು.

"ಹೋಲ್ಡಾನ್! ಬನ್ನಿ ಅಕ್ಕ, ಜಾಗ ಉಂಟು!"

ಅಕ್ಕ ತಿರುಗಿದರು. ಡಾಕ್ಟ್ರಮ್ಮ! ಕಾಲಲ್ಲಿ ವಾಕಿಂಗಿನ ಬಿಳಿ ಬೂಟು.

"ನೀವು ದಿನಾ ಕಕ್ಕಿಂಜೆಗೆ ಹೋಗುವುದು ಹೀಗೆಯಾ?" ಎಂದರು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. "ಇಳೀರಿ. ನಡ್ಕೊಂಡೇ ಹೋಗಿ ರಕ್ತ ಕೊಡಿ. ಇನ್ಸುಲಿನ್ ಸೂಜಿ ಬೇಕಾ ಬೇಡ್ವಾ ಅಂತ ನೀವು ನಿಜವಾಗಿ ನಡೆದ ಮೇಲೆ ನೋಡುವ."

ಇಳಿದೆ. ನಾನು ಮತ್ತೆ ಹತ್ತುತ್ತೇನೆಂದು ಡ್ರೈವರ್ ಕಾಯುತ್ತಲೇ ಇದ್ದ. ತಗಡಿಗೆ ಇನ್ನೊಮ್ಮೆ ಬಡಿದು "ರೈಟ್!" ಎಂದೆ. ಆಯುಷ್ಯವಿಡೀ ಹೇಳಿದ ಮಾತೇ. ಗಾಡಿ ಹೋಗಿ ನಾನು ರಸ್ತೆಯಲ್ಲಿ ಉಳಿದದ್ದು ಮಾತ್ರ ಅದೇ ಮೊದಲು.