ಪ್ರವಾಸಿ ಯಾರು ಎಂಬ ಕುರಿತು ಸ್ಪಷ್ಟೀಕರಣ

ಚುಕಿವಿರಿ ಪುರಸಭೆಯ ಗಡಿಯೊಳಗೆ ಪ್ರವಾಸಿಗಳು ನೋಡತಕ್ಕ ಸ್ಥಳಗಳು ಒಟ್ಟು ಏಳು ಇವೆ. ಏಳು ಎಂಬ ಸಂಖ್ಯೆಯನ್ನು ನಾವು ಎಣಿಸಿ ಕಂಡುಕೊಂಡದ್ದಲ್ಲ. ಅದು ಸುತ್ತೋಲೆಯಲ್ಲೇ ಅಚ್ಚಾಗಿ ಬಂದಿತ್ತು.

ಸುತ್ತೋಲೆ ಬಂದಾಗ ಇಡೀ ಪೆರು ದೇಶ ಬಾಗಿಲು ಹಾಕಿಕೊಂಡು ಕೂತಿತ್ತು. ರೋಗದ ಕಾಲ, ಬಸ್ಸು ನಿಂತು ಐದು ತಿಂಗಳಾಗಿತ್ತು. ಪ್ರಾಂತ್ಯದ ಕೇಂದ್ರದಿಂದ ಪೊಲೀಸ್ ಜೀಪು ಬರುತ್ತದಂತೆ ಎಂದು ಕೇಳಿ, ಆಮ್ಲಜನಕದ ಸಿಲಿಂಡರು ತರುತ್ತದೇನೋ ಎಂದು ಊರವರು ಚೌಕದಲ್ಲಿ ದೂರ ದೂರ ನಿಂತು ಕಾದರು. ಜೀಪಿನಿಂದ ಇಳಿದದ್ದು ಒಂದು ಲಕೋಟೆ. 'ವಿಷಯ: ಸಂಚಾರ ಪುನರಾರಂಭವಾದ ಕೂಡಲೇ ಭೇಟಿ ನೀಡತಕ್ಕ ಸ್ಥಳಗಳ ಪಟ್ಟಿ ಸಲ್ಲಿಸುವ ಬಗ್ಗೆ. ಪ್ರತಿಯೊಂದು ಪುರಸಭೆಯೂ ಕಡ್ಡಾಯವಾಗಿ ಏಳು ಸ್ಥಳಗಳನ್ನು ಗುರುತಿಸತಕ್ಕದ್ದು. ಇಲ್ಲದಿದ್ದಲ್ಲಿ ಏಕೆ ಇಲ್ಲ ಎಂಬುದಕ್ಕೆ ಏಳು ಕಾರಣಗಳನ್ನು ನೀಡತಕ್ಕದ್ದು.'

ನಾನು ಎಲೆಯುತೇರಿಯೋ, ಆ ಪುರಸಭೆಯ ಬೆರಳಚ್ಚುಗಾರ. ಪಟ್ಟಿಯನ್ನು ಟೈಪು ಮಾಡಿದವನು ನಾನೇ ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲೆ.

ಮೇಯರ್ ದೋನ್ ಅಬ್ಸಲೋನ್ ಸುತ್ತೋಲೆಯನ್ನು ಎರಡು ಸಲ ಓದಿ ಟೋಪಿ ತೆಗೆದಿಟ್ಟರು. "ನಲವತ್ತೆಂಟು ವರ್ಷದಿಂದ ಈ ಊರಲ್ಲೇ ಇದ್ದೀನಿ. ನೋಡೋವಂಥದ್ದು ಒಂದೂ ಕಂಡಿಲ್ಲ."

"ಇರೋರಿಗೆ ಕಾಣಲ್ಲ," ಎಂದರು ಮಾರ್ಲೇನಿ ಪರಿಯೋನ. ಇವರು ಪುರಸಭೆಯ ಪ್ರವಾಸೋದ್ಯಮ ವಿಭಾಗದ ಮುಖ್ಯಸ್ಥೆ, ವಿಭಾಗದ ಏಕೈಕ ಸಿಬ್ಬಂದಿ ಕೂಡ. ನಗರದಲ್ಲಿ ಓದಿ ಪದವಿ ತಂದವರು. ಆ ಪದವಿಗೆ ಮರ್ಯಾದೆ ಕೊಟ್ಟು ನಾವೆಲ್ಲ ಅವರನ್ನು 'ಲಿಸೆನ್ಸಿಯಾದಾ' ಎಂದೇ ಕರೆಯುತ್ತೇವೆ.

ಲಿಸೆನ್ಸಿಯಾದಾ ಒಂದೊಂದಾಗಿ ಹೇಳುತ್ತ ಹೋದರು, ನಾನು ಬಡಿಯುತ್ತ ಹೋದೆ. ಭೂಕಂಪದಲ್ಲಿ ಚಾವಣಿ ಹೋದ ಇಗರ್ಜಿ 'ಆಕಾಶಕ್ಕೆ ತೆರೆದ ದೇವಾಲಯ'ವಾಯಿತು. ಮೊಬೈಲು ಹಿಡಿದುಕೊಂಡು ಊರವರೆಲ್ಲ ಹತ್ತುವ ದಿಬ್ಬ 'ದೂರವಾಣಿ ಶಿಖರ'ವಾಯಿತು. ಒಂಬತ್ತು ವರ್ಷದಿಂದ ಕಟ್ಟುತ್ತಿರುವ ಪುರಸಭೆಯ ಹೊಸ ಕಟ್ಟಡವನ್ನು 'ಅವಶೇಷಗಳು' ಎಂಬ ತಲೆಬರಹದಡಿ ಸೇರಿಸಿದಾಗ ಮೇಯರು ತಡೆದರು.

"ಅವಶೇಷ ಅಂದ್ರೆ ಬಿದ್ದಿದ್ದು ಅಲ್ವೇನಮ್ಮಾ? ಇದಿನ್ನೂ ಎದ್ದೇ ಇಲ್ಲ."

"ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತೆ, ದೋನ್ ಅಬ್ಸಲೋನ್."

ವೃತ್ತದಲ್ಲಿರುವ ಸಿಮೆಂಟಿನ ಆಲೂಗಡ್ಡೆ, ತೂಗುಸೇತುವೆ, ಮೇಯರ ಭಾವಮೈದನ ಹೋಟೆಲು ಸೇರಿ ಆರಾದವು. ಏಳನೆಯದಾಗಿ, ಬೇರೇನೂ ತೋಚದೆ, ಊರಾಚೆಯ ಬಿಸಿನೀರಿನ ಕೊಳವನ್ನು ಬರೆದೆವು. ಭೂಮಿಯೊಳಗಿಂದ ತಾನಾಗಿ ಕುದಿದು ಬರುವ ಈ ನೀರಿನಲ್ಲಿ ಊರವರು ಅಜ್ಜನ ಕಾಲದಿಂದ ಮೈ ತೊಳೆಯುತ್ತ, ಬಟ್ಟೆ ಒಗೆಯುತ್ತ, ಮೊಟ್ಟೆ ಬೇಯಿಸುತ್ತ, ಪರರ ಸಂಸಾರದ ಸುದ್ದಿ ಮಾತಾಡುತ್ತ ಇದ್ದರು. ಹೀಗಾಗಿ ಅದು ನೋಡತಕ್ಕ ಸ್ಥಳವೆಂದು ಯಾರಿಗೂ ಅನಿಸಿರಲಿಲ್ಲ.

ಪಟ್ಟಿ ಮಂಜೂರಾಯಿತು. ಏಳರಲ್ಲಿ ಆರಕ್ಕೆ 'ಗಮನಿಸಲಾಗಿದೆ' ಎಂದು ಷರಾ ಬಂತು. ಕೊಳಕ್ಕೆ ಮಾತ್ರ 'ಸಂರಕ್ಷಿಸತಕ್ಕದ್ದು' ಎಂದು. ಸಂರಕ್ಷಣೆ ಯಾರಿಂದ ಎಂದು ಬರೆದಿರಲಿಲ್ಲ. ಕೊಳದ ಹತ್ತಿರ ನಮ್ಮನ್ನು ಬಿಟ್ಟು ಇನ್ಯಾರೂ ಹೋಗುತ್ತಿರಲಿಲ್ಲವಾದ್ದರಿಂದ ನಮ್ಮಿಂದಲೇ ಎಂದು ಲಿಸೆನ್ಸಿಯಾದಾ ಅರ್ಥೈಸಿದರು. ಎರಡು ವಾರದಲ್ಲಿ ಸುತ್ತ ಗೋಡೆ ಎದ್ದಿತು, ಕಬ್ಬಿಣದ ಗೇಟು ಬಂತು, ಗೇಟಿನ ಮೇಲೆ ನಾನೇ ಟೈಪು ಮಾಡಿದ ತಿಳಿವಳಿಕೆ ಪತ್ರ.

'ಸಮಸ್ತ ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಈ ನೀರು ಯಾರೂ ಬಳಸಿದ್ದಲ್ಲ ಎಂಬ ಭಾವನೆ ಪ್ರವಾಸಿಗಳಲ್ಲಿ ಮೂಡುವುದು ಅವಶ್ಯವಿರುತ್ತದೆ. ಆದಕಾರಣ ಸ್ಥಳೀಯರ ಸ್ನಾನವನ್ನು ಮುಂದಿನ ಆದೇಶದವರೆಗೆ ನಿಷೇಧಿಸಲಾಗಿದೆ. ಸ್ಥಳೀಯರು ದೃಶ್ಯದ ಭಾಗವಾಗಿ ಗೋಡೆಯ ಹೊರಗೆ ನಿಲ್ಲಬಹುದು. ಹಾಗೆ ನಿಲ್ಲುವವರು ಬಣ್ಣದ ಉಡುಪು ಧರಿಸಿರತಕ್ಕದ್ದು.'

ಇದರಿಂದ ತೊಂದರೆಯಾದದ್ದು ಮಮಾ ನತಿವಿದಾದ್‌ಗೆ. 'ಮಮಾ' ಎಂದರೆ ನಮ್ಮಲ್ಲಿ ಅಮ್ಮ. ಎಪ್ಪತ್ತೊಂದು ವರ್ಷದ ಈಕೆ ನನಗೆ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾದವಳು. ಉಳುಕಿದ ಮೂಳೆ ಕೂರಿಸುವುದು ಅವಳ ಕೆಲಸ. ಊರಿನ ಅರ್ಧ ಭುಜಗಳು ಅವಳ ಕೈಯಿಂದಲೇ ತಮ್ಮ ಜಾಗಕ್ಕೆ ಬಂದಿವೆ. ಅವಳ ಸ್ವಂತ ಮೊಣಕಾಲು ಮಾತ್ರ ಯಾರ ಕೈಗೂ ಬಗ್ಗುವಂಥದ್ದಲ್ಲ. ದಿನಾ ಬೆಳಿಗ್ಗೆ ಅರ್ಧ ಗಂಟೆ ಆ ನೀರಿನಲ್ಲಿ ಕೂತರೆ ಸಂಜೆಯವರೆಗೆ ನಡೆಯುತ್ತದೆ, ಇಲ್ಲವಾದರೆ ಇಲ್ಲ.

ಗೋಡೆ ಎದ್ದ ಮರುದಿನ ಅವಳು ಎಂದಿನಂತೆ ಟವೆಲು ಹಿಡಿದು ಹೋದಳು. ಗೇಟಿನಲ್ಲಿ ಹೊಸ ಸಮವಸ್ತ್ರದ ಕಾವಲುಗಾರ ಸೆವೆರೋ ನಿಂತಿದ್ದ.

"ಬಿಡಕ್ಕಾಗಲ್ಲ ಮಮಾಯ್. ಇದು ಪ್ರವಾಸಿಗಳಿಗೆ."

"ಎಲ್ಲಿದ್ದಾರೆ?"

"ಇನ್ನೂ ಬಂದಿಲ್ಲ."

"ಬಂದಾಗ ಎದ್ದು ಹೋಗ್ತೀನಿ ಬಿಡು."

"ನೀವು ಕೂತಿದ್ದ ನೀರು ಅಂತ ಗೊತ್ತಾದ್ರೆ ಅವರು ಬೇಜಾರು ಮಾಡ್ಕೋತಾರೆ, ಮಮಾಯ್."

"ಹೋದ ವರ್ಷ ನಿನ್ನ ಭುಜ ಕೂರಿಸಿದ್ದೂ ಇದೇ ನೀರಲ್ಲಿ. ಆಗ ನಿನಗೆ ಬೇಜಾರಾಗ್ಲಿಲ್ಲ. ಹಂದಿ ಥರ ಕಿರುಚ್ತಿದ್ದೆ ಅಷ್ಟೇ."

ಸೆವೆರೋ ತಲೆ ತಗ್ಗಿಸಿದ. ಆದರೆ ಗೇಟು ತೆಗೆಯಲಿಲ್ಲ. ಅವನ ಕೆಲಸ ಹಂಗಾಮಿಯದು, ಮನೆಯಲ್ಲಿ ನಾಲ್ಕು ಹೊಟ್ಟೆ.

ಒಂದು ತಿಂಗಳಲ್ಲಿ ಮಮಾ ನತಿವಿದಾದ್ ಹೊಲಕ್ಕೆ ಹೋಗುವುದು ನಿಂತಿತು. ಎರಡನೆಯ ತಿಂಗಳು ಅಂಗಳ ದಾಟುವುದು ನಿಂತಿತು. ನಾನು ಹಂಡೆಯಲ್ಲಿ ನೀರು ಕಾಯಿಸಿ ಹೊತ್ತು ತಂದು ಅವಳ ಕಾಲಿಗೆ ಹಾಕಿ ನೋಡಿದೆ. "ಇದು ನೀರು ಕಣೋ, ಅದು ಔಷಧಿ," ಎಂದಳು. ಅವಳು ಗೋಡೆ ಹಿಡಿದು ನಡೆಯುವುದನ್ನು ನೋಡುವಾಗಲೆಲ್ಲ ಆ ತಿಳಿವಳಿಕೆ ಪತ್ರದಲ್ಲಿ ಒಂದೂ ಕಾಗುಣಿತದ ತಪ್ಪಿಲ್ಲವಲ್ಲ ಎಂದು ನನಗೆ ನಾಚಿಕೆಯಾಗುತ್ತಿತ್ತು. ತಪ್ಪಿದ್ದರೆ ತಿದ್ದುಪಡಿಗೆಂದು ಒಂದು ವಾರವಾದರೂ ಕೆಳಗಿಳಿಸಬಹುದಿತ್ತು.

ಕೊನೆಗೆ ಅವಳನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಕಚೇರಿಗೆ ತಂದೆ.

"ದೋನ್ ಅಬ್ಸಲೋನ್, ನಾನು ಸಾಯೋದಕ್ಕೆ ಮುಂಚೆ ಪ್ರವಾಸಿಗಳು ಬರ್ತಾರಾ?" ಎಂದು ಕೇಳಿದಳು.

"ಬರ್ತಾರೆ ಮಮಾ. ಸಂಚಾರ ಶುರುವಾಗ್ಲಿ."

"ಪ್ರವಾಸಿ ಅಂದ್ರೆ ಯಾರು?"

ಮೇಯರು ಲಿಸೆನ್ಸಿಯಾದಾರ ಮುಖ ನೋಡಿದರು. ಪ್ರಶ್ನೆ ಕಾನೂನಿನದಾದ್ದರಿಂದ ಅವರು ಕಡತ ಬಿಡಿಸಿ ಓದಿದರು. "ಹೊರ ಊರಿನಲ್ಲಿ ಕನಿಷ್ಠ ಒಂದು ರಾತ್ರಿ ತಂಗಿ, ಅಲ್ಲಿಂದ ವಾಹನದಲ್ಲಿ, ಸಾಮಾನು ಸಹಿತ ಆಗಮಿಸಿ, ಸ್ಥಳವನ್ನು ಕಂಡು ಆಶ್ಚರ್ಯ ವ್ಯಕ್ತಪಡಿಸುವ ವ್ಯಕ್ತಿ."

"ಆ ವ್ಯಕ್ತಿ ಎಲ್ಲಿ ಹುಟ್ಟಿರಬೇಕು?"

ಲಿಸೆನ್ಸಿಯಾದಾ ಹಾಳೆ ತಿರುಗಿಸಿ ಹಿಂದೆಯೂ ನೋಡಿದರು. "ಅದರ ಬಗ್ಗೆ ಇಲ್ಲಿ ಏನೂ ಹೇಳಿಲ್ಲ."

"ಸರಿ," ಎಂದಳು ನನ್ನ ಧರ್ಮತಾಯಿ. "ಎಲೆಯುತೇರಿಯೋ, ಗಾಡಿ ತಳ್ಳು."

ಮುಂದಿನ ಮಾರ್ಚಿನಲ್ಲಿ ಸಂಚಾರ ಆರಂಭವಾಯಿತು. ಮೊದಲ ಬಸ್ಸನ್ನು ಸ್ವಾಗತಿಸಲು ಪುರಸಭೆಯ ವಾದ್ಯತಂಡ ನಿಂತಿತ್ತು. ಬಸ್ಸಿನಿಂದ ಗೊಬ್ಬರದ ಮೂಟೆಗಳೂ ಒಬ್ಬ ಹಲ್ಲಿನ ಡಾಕ್ಟರೂ ಇಳಿದರು. ಡಾಕ್ಟರು ತಪ್ಪು ಊರಿನಲ್ಲಿ ಇಳಿದಿದ್ದರು. ವಾದ್ಯ ಮುಗಿಯುವವರೆಗೆ ನಿಂತು, ಮತ್ತೆ ಹತ್ತಿ ಹೋದರು. ಆಮೇಲಿನ ಏಳು ವಾರ ಅವರಷ್ಟೂ ಯಾರೂ ಬರಲಿಲ್ಲ. ಭಾವಮೈದನ ಹೋಟೆಲಿನಲ್ಲಿ ಪ್ರವಾಸಿಗಳಿಗೆ ಹುರಿದು ಬಡಿಸಲೆಂದು ಸಾಕಿದ್ದ ಗಿನಿ ಹಂದಿಗಳು ನಡೆಯಲಾರದಷ್ಟು ಕೊಬ್ಬಿದವು. ಪ್ರಾಂತ್ಯದಿಂದ ಜ್ಞಾಪನ ಬಂತು: ಮಾಸಾಂತ್ಯದೊಳಗೆ ಒಬ್ಬನೇ ಒಬ್ಬ ಪ್ರವಾಸಿಯ ಹೆಸರು ದಾಖಲಾಗದಿದ್ದರೆ ಪ್ರವಾಸೋದ್ಯಮ ವಿಭಾಗವನ್ನು ಮುಚ್ಚಲಾಗುವುದು. ಲಿಸೆನ್ಸಿಯಾದಾ ಎರಡು ದಿನ ಬಸ್ಸು ನಿಲ್ಲುವಲ್ಲೇ ಹೋಗಿ ಕೂತರು.

ಮೂರನೆಯ ದಿನ ಮಮಾ ನತಿವಿದಾದ್ ಬಸ್ಸು ಹತ್ತಿದಳು. ಹತ್ತಿದಳು ಎಂದರೆ ನಾನೂ ನಿರ್ವಾಹಕನೂ ಸೇರಿ ಎತ್ತಿ ಕೂರಿಸಿದೆವು. ಎರಡು ಗಂಟೆ ದೂರದ ತಿಕ್ಸಾಪಾತಕ್ಕೆ ಹೋಗಿ ಸಂಜೆಯ ಬಸ್ಸಿನಲ್ಲೇ ಮರಳಿದಳು. ಸೆವೆರೋ ಪ್ರವಾಸಿಗಳ ದಾಖಲೆಯ ನಮೂನೆ ನೋಡಿ, ರಾತ್ರಿ ತಂಗಿಲ್ಲ ಎಂಬ ಕಾರಣಕ್ಕೆ ಅವಳನ್ನು ಹಿಂದಕ್ಕೆ ಕಳಿಸಿದ. ಆ ಬಸ್ಸಿನ ಕುಲುಕಾಟಕ್ಕೆ ಅವಳ ಕಾಲು ಊದಿ ಕುಂಬಳಕಾಯಿಯಾಗಿತ್ತು. ಸಾಕು ಬಿಡಿ ಎಂದೆ.

"ಊರು ಬಿಟ್ಟು ಹೋಗಿ ಮಲಗೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ," ಎಂದಳು. "ಪಾಪ, ಪ್ರವಾಸಿಗಳು."

ಮರುವಾರ ಮತ್ತೆ ಹೋದಳು. ತಿಕ್ಸಾಪಾತದಲ್ಲಿ ಅವಳು ಹಿಂದೊಮ್ಮೆ ಸೊಂಟ ಸರಿಮಾಡಿದ್ದ ಹೆಂಗಸೊಬ್ಬಳ ಮನೆಯಲ್ಲಿ ರಾತ್ರಿ ತಂಗಿ, ಅಲ್ಲಿನ ಪುರಸಭೆಯಿಂದ ತಂಗಿದ್ದಕ್ಕೆ ಮುದ್ರೆಯುಳ್ಳ ಚೀಟಿ ತಂದಳು. ಕೈಯಲ್ಲಿ ಆ ಹೆಂಗಸಿನ ಗಂಡನ ಹಳೇ ಸೂಟ್‌ಕೇಸು. ಈ ಸಲ ಗೇಟಿನ ಬಳಿ ಸೆವೆರೋ ಜೊತೆ ಲಿಸೆನ್ಸಿಯಾದಾ ಕೂಡ ನಿಂತಿದ್ದರು. ಅಂದು ತಿಂಗಳ ಮೂವತ್ತನೆಯ ತಾರೀಖು.

"ಎಲ್ಲಿಂದ ಬಂದ್ರಿ, ಸೆನ್ಯೋರಾ?" ಲಿಸೆನ್ಸಿಯಾದಾ ಕೇಳಿದರು.

"ತಿಕ್ಸಾಪಾತದಿಂದ."

"ಸಾಮಾನು?"

"ಇದೆ. ಒಣಗಿಸಿದ ಆಲೂಗಡ್ಡೆ."

"ಆಶ್ಚರ್ಯ?"

ಮಮಾ ನತಿವಿದಾದ್ ಗೇಟಿನ ಸರಳಿನ ಸಂದಿಯಿಂದ ಹಬೆಯಾಡುವ ನೀರನ್ನು ನೋಡಿದಳು. ಎಂಟು ತಿಂಗಳಾಗಿತ್ತು. "ಅಯ್ಯೋ," ಎಂದಳು ಮೆಲ್ಲಗೆ, "ಇನ್ನೂ ಇದೆಯಲ್ಲ."

"ವ್ಯಕ್ತವಾಗಿದೆ," ಎಂದು ಲಿಸೆನ್ಸಿಯಾದಾ ಗುರುತು ಹಾಕಿದರು. ಸೆವೆರೋ ಗೇಟು ತೆರೆದ, ಸೂಟ್‌ಕೇಸು ತಾನೇ ಎತ್ತಿಕೊಂಡ. ಅವಳು ನೀರಿಗಿಳಿದು ಮೊಣಕಾಲು ಮುಳುಗಿದಾಗ ಮಾಡಿದ ಸದ್ದು ಗೋಡೆಯಾಚೆ ನಿಂತಿದ್ದ ನನಗೂ ಕೇಳಿಸಿತು. ನಾನು ಮುಖ ತಿರುಗಿಸಿಕೊಂಡೆ. ಬೆರಳಚ್ಚುಗಾರರು ಕಚೇರಿಯ ವೇಳೆಯಲ್ಲಿ ಅಳುವ ಬಗ್ಗೆ ನಿಯಮವಿಲ್ಲ.

ಅಂದು ಸಂಜೆ ನಾನು ಟೈಪು ಮಾಡಿದ ವರದಿ: 'ಪ್ರವಾಸಿಗಳು, ಒಂದು.'

ಆಮೇಲಿನದನ್ನು ಯಾರೂ ಆದೇಶ ಹೊರಡಿಸಿ ಮಾಡಿಸಲಿಲ್ಲ. ಸೊಂಟನೋವಿನವರು, ಬಾಣಂತಿಯರು, ಬರೀ ಕೊಳಕಾದವರು, ಎಲ್ಲರೂ ಶುಕ್ರವಾರ ತಿಕ್ಸಾಪಾತಕ್ಕೆ ಹೋಗಿ ಶನಿವಾರ ಸಾಮಾನು ಸಹಿತ ಮರಳತೊಡಗಿದರು. ತಿಕ್ಸಾಪಾತದಲ್ಲೂ ಒಂದು ಪಟ್ಟಿ ಇತ್ತು. ಅಲ್ಲಿಯವರು ದನ ಮೇಯಿಸುತ್ತಿದ್ದ ಕೆರೆ ಅದರಲ್ಲಿ ಮೂರನೆಯದಾಗಿ ಸಂರಕ್ಷಿತವಾಗಿತ್ತು. ಅವರು ಶುಕ್ರವಾರ ದನ ಸಮೇತ ನಮ್ಮಲ್ಲಿಗೆ ಬಂದು ತಂಗಿ, ಶನಿವಾರ ದನ ಸಮೇತ ಹೊರಟು ತಮ್ಮ ಕೆರೆಗೆ ಆಶ್ಚರ್ಯ ವ್ಯಕ್ತಪಡಿಸುತ್ತಿದ್ದರು. ದನಗಳನ್ನು ಸಾಮಾನು ಎಂದು ಪರಿಗಣಿಸಲಾಯಿತು. ಹೇಗೂ ಮನೆಗಳು ಖಾಲಿ ಬೀಳುತ್ತಿದ್ದುದರಿಂದ ನಾವು ಅವರ ಹಾಸಿಗೆಯಲ್ಲಿ, ಅವರು ನಮ್ಮ ಹಾಸಿಗೆಯಲ್ಲಿ ಮಲಗುವ ವ್ಯವಸ್ಥೆಯಾಯಿತು. ಎರಡು ಮದುವೆಗಳೂ ಒಂದು ಹೊಡೆದಾಟವೂ ಇದರಿಂದ ಸಂಭವಿಸಿವೆ.

ವರ್ಷಾಂತ್ಯಕ್ಕೆ ಪ್ರಾಂತ್ಯದಲ್ಲೇ ಅತಿ ಹೆಚ್ಚು ಪ್ರವಾಸಿಗಳು ಬಂದ ಊರು ನಮ್ಮದೆಂದು ಮೇಯರಿಗೆ ಹಿತ್ತಾಳೆಯ ಫಲಕ ಬಂತು. ಲಿಸೆನ್ಸಿಯಾದಾರಿಗೆ ಇಬ್ಬರು ಸಹಾಯಕರು ಬಂದರು. ಸೆವೆರೋನ ಕೆಲಸ ಕಾಯಂ ಆಯಿತು. ಹಾಗಾದರೆ ಗೋಡೆ ಒಡೆದುಬಿಡೋಣವೇ ಎಂದು ಪುರಸಭೆಯ ಸಭೆಯಲ್ಲಿ ನಾನೊಮ್ಮೆ ಕೇಳಿದ್ದುಂಟು. "ಒಡೆದ್ರೆ ಪ್ರವಾಸಿಗಳು ಯಾಕೆ ಬರ್ತಾರೆ ಹೇಳು," ಎಂದರು ದೋನ್ ಅಬ್ಸಲೋನ್. ಅದನ್ನೂ ನಡಾವಳಿಯಲ್ಲಿ ಟೈಪು ಮಾಡಿದೆ.

ಕಳೆದ ಜುಲೈಯಲ್ಲಿ ಒಬ್ಬ ವಿದೇಶಿ ಬಂದ. ಹಾಲೆಂಡಿನವನಂತೆ. ಬೆಟ್ಟ ಹತ್ತಿ ಕಾಲ್ನಡಿಗೆಯಲ್ಲಿ ಬಂದಿದ್ದ. ರಾತ್ರಿ ಬಯಲಲ್ಲಿ ಮಲಗಿದ್ದ. ಅವನ ಚೀಲ ಹಿಂದಿನ ದಿನವೇ ಹೊಳೆಯ ಪಾಲಾಗಿತ್ತು. ವಾಹನವಿಲ್ಲ, ತಂಗಿದ ಚೀಟಿಯಿಲ್ಲ, ಸಾಮಾನಿಲ್ಲ. ಆಶ್ಚರ್ಯವನ್ನು ಮಾತ್ರ ಬಹಳವಾಗಿ ವ್ಯಕ್ತಪಡಿಸಿದ. ಅಷ್ಟರಿಂದಲೇ ಪ್ರವಾಸಿಯೆಂದು ಪರಿಗಣಿಸಲು ಬರುವುದಿಲ್ಲ ಎಂದು ಸೆವೆರೋ ಅವನಿಗೆ ಸೌಜನ್ಯದಿಂದ ತಿಳಿಸಿ, ಶುಕ್ರವಾರದ ಬಸ್ಸಿನ ಸಾಲು ತೋರಿಸಿದ.

ಅವನು ಬಂದು ಮಮಾ ನತಿವಿದಾದ್ ಹಿಂದೆ ನಿಂತ. ಅವಳು ಅವನ ಒಡೆದ ಪಾದ ನೋಡಿ, ದಣಿವಿಗೆ ಜಗಿಯಲು ಕೋಕಾ ಎಲೆ ಕೊಟ್ಟು, ತಿಕ್ಸಾಪಾತದಲ್ಲಿ ಯಾರ ಮನೆಯ ಹಾಸಿಗೆಯಲ್ಲಿ ತಿಗಣೆಯಿಲ್ಲ ಎಂದು ಹೇಳಿಕೊಟ್ಟಳು. ಅವನಿಗೆ ನಮ್ಮ ಭಾಷೆ ತಕ್ಕಮಟ್ಟಿಗೆ ಬರುತ್ತಿತ್ತು.

"ಕ್ಷಮಿಸಿ ಅಜ್ಜಿ," ಎಂದು ಕೇಳಿದ, "ಈ ಪದ್ಧತಿ ಬರೋದಕ್ಕೆ ಮುಂಚೆ ನೀವು ಏನು ಮಾಡ್ತಿದ್ರಿ?"

ಮಮಾ ನತಿವಿದಾದ್ ಅವನ ಕಡೆ ತಿರುಗಿದಳು. ಸಾಲಿನಲ್ಲಿದ್ದವರೂ ತಿರುಗಿ, ಅವಳು ಏನು ಹೇಳುತ್ತಾಳೋ ಎಂದು ನೋಡಿದರು.

"ಆಗ ನಾವು ಎಲ್ಲಿಗೂ ಹೋಗ್ತಿರಲಿಲ್ಲ ಮಗಾ," ಎಂದಳು. "ಮನೆಯಿಂದ ಕೊಳಕ್ಕೆ, ಕೊಳದಿಂದ ಮನೆಗೆ. ಪ್ರಪಂಚ ಅಂದ್ರೆ ಏನಂತ ಗೊತ್ತಿರಲಿಲ್ಲ."

ಸಾಲಿನಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಬಸ್ಸು ಬಂತು, ಎಲ್ಲರೂ ಹತ್ತಿದೆವು.